ಇಲ್ಲದ ಬಾಲ್ಕನಿಗೆ ಏಣಿ ಹಾಕಿದವರು

ಬೆಳಗಿನ ಐದೂಮುಕ್ಕಾಲು. ಹಳೆಪೇಟೆಯ ಅಂಗಡಿಗಳ ಷಟರ್‌ಗಳು ಇನ್ನೂ ಎದ್ದಿಲ್ಲ. ಟೈಲರಮ್ಮನ ಮನೆಗೆ ಏಣಿ ಒರಗಿಸಿ, ಏಳನೆಯ ಮೆಟ್ಟಿಲ ಮೇಲೆ ನಿಂತು, ಟೇಪಕ್ಕ ಹಿತ್ತಾಳೆ ಸೌಟಿನ ಹಿಡಿಯಿಂದ ಗೋಡೆ ತಟ್ಟುತ್ತಿದ್ದಾರೆ. ತಟ್ಟುತ್ತಾರೆ, ಕಿವಿಯಿಡುತ್ತಾರೆ, ಒಂದು ಗೇಣು ಸರಿದು ಮತ್ತೆ ತಟ್ಟುತ್ತಾರೆ. ಕೆಳಗೆ ಏಣಿ ಹಿಡಿದು ನಿಂತ ಟೈಲರಮ್ಮನಿಗೆ ತಡೆಯಲಾಗುವುದಿಲ್ಲ.

“ಏನಂತೆ ಅಕ್ಕ ಗೋಡೆ?”

“ತಡ್ಕೊ ತಾಯಿ. ನೀನು ಬಾಯಿ ಬಿಟ್ರೆ ಅದು ಬಾಯಿ ಮುಚ್ಚುತ್ತೆ.”

ಗಾಡಿಗಳು ಓಡಾಡಲು ಶುರುವಾದ ಮೇಲೆ ಗೋಡೆಯ ದನಿ ಕೇಳಿಸುವುದಿಲ್ಲ. ಹಾಗಾಗಿ ಟೇಪಕ್ಕನ ದಿನ ಊರಿಗಿಂತ ಮೊದಲೇ ಏಳುತ್ತದೆ. ನಗರಸಭೆಯ ಹಳೆ ಕಟ್ಟಡಗಳ ರಕ್ಷಣಾ ಸಮಿತಿಗೆ ಅಳತೆ ತರುವುದು ಅವರ ಕೆಲಸ. ಹಳೆಪೇಟೆಯಲ್ಲಿ ಎಪ್ಪತ್ತು ವರ್ಷ ದಾಟಿದ ಯಾವ ಮನೆಯ ಬಾಗಿಲು, ಕಿಟಕಿ, ಕೊನೆಗೆ ಬಣ್ಣ ಬದಲಿಸಬೇಕಾದರೂ ಈ ಸಮಿತಿ ಒಪ್ಪಬೇಕು. ಸಮಿತಿಯ ಒಂಬತ್ತು ಮಂದಿ ಪ್ರತಿ ಗುರುವಾರ ತಣ್ಣನೆಯ ಕೋಣೆಯಲ್ಲಿ ಕೂತು ನಲವತ್ತು ಕಡತ ಮುಗಿಸುತ್ತಾರೆ. ಒಂದು ಮನೆಗೆ ನಾಲ್ಕು ನಿಮಿಷ. ಟೇಪಕ್ಕ ಒಂದು ಮನೆಗೆ ಎರಡು ಗಂಟೆ ಕೊಡುತ್ತಾರೆ, ಅರವತ್ತು ಅಳತೆ ಬರೆಯುತ್ತಾರೆ. ದಿನಕ್ಕೆ ನಾಲ್ಕು ಮನೆ. ಹನ್ನೊಂದು ವರ್ಷದಿಂದ ಗುತ್ತಿಗೆಯಲ್ಲೇ ಇದ್ದಾರೆ. ಅಳತೆ ಬರೆದ ಹಾಳೆಯ ಕೆಳಗಿನ ಸಹಿ ಮಾತ್ರ ಏಣಿ ಹತ್ತದ ಎಂಜಿನಿಯರರದು.

ತಟ್ಟಿ ಕೇಳುವ ವಿದ್ಯೆ ಅಪ್ಪನಿಂದ ಬಂದದ್ದು. ಅಪ್ಪ ಗಾರೆ ಮೇಸ್ತ್ರಿ. ಮರದ ತೊಲೆ ಕಿತ್ತ ಜಾಗಕ್ಕೆ ಎಷ್ಟೇ ಇಟ್ಟಿಗೆ ತುಂಬಿ ಗಾರೆ ಮೆತ್ತಿದರೂ ಆ ಜಾಗದ ದನಿ ಗೋಡೆ ಬೀಳುವವರೆಗೂ ಬೇರೆಯೇ ಇರುತ್ತದೆ ಎನ್ನುತ್ತಿದ್ದರಂತೆ. “ನಮ್ಮನೆಯವ್ಳು ಊರಿನ ಗೋಡೆಗೆಲ್ಲ ಕಿವಿ ಕೊಡ್ತಾಳೆ, ನಾನು ಚಹಾ ಕೇಳಿದ್ರೆ ಮಾತ್ರ ಕಿವುಡಿ” ಎನ್ನುತ್ತಾರೆ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಗಂಡ. ಚಹಾ ಮಾಡುವುದು ಅವರೇ.

ಈಗ ಟೈಲರಮ್ಮನ ಗೋಡೆಗೆ ಬರೋಣ. ಈ ವಿಧವೆ ಮನೆಯ ಮುಂಗೋಣೆಯಲ್ಲೇ ಎರಡು ಹೊಲಿಗೆ ಮಷೀನ್ ಇಟ್ಟುಕೊಂಡು ಬದುಕುತ್ತಿದ್ದಾರೆ. ಮಳೆನೀರು ಮಷೀನಿನ ಮೇಲೆ ಸುರಿಯುತ್ತದೆ, ಕೊಳೆತ ಕಿಟಕಿ ಬದಲಿಸಲು ಬಿಡಿ ಎಂದು ಅರ್ಜಿ ಕೊಟ್ಟರು. ಬಂದದ್ದು ನೋಟಿಸು. ‘ಮನೆಯ ಮುಂಭಾಗದ ಕೆತ್ತನೆಯ ಮರದ ಬಾಲ್ಕನಿಯನ್ನು ಅನುಮತಿಯಿಲ್ಲದೆ ತೆಗೆದಿರುತ್ತೀರಿ. ತೊಂಬತ್ತು ದಿನಗಳೊಳಗೆ ಮೊದಲಿದ್ದಂತೆ ಕಟ್ಟತಕ್ಕದ್ದು. ತಪ್ಪಿದಲ್ಲಿ ಕಟ್ಟಡಕ್ಕೆ ಬೀಗಮುದ್ರೆ.’

“ನಾನು ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೊಂದು ವರ್ಷ ಆಯ್ತು,” ಎನ್ನುತ್ತಾರೆ ಟೈಲರಮ್ಮ. “ಬಾಲ್ಕನಿ ಇದ್ದಿದ್ರೆ ಸೀರೆ ಒಣಗಿಸೋಕಾದ್ರೂ ಒಂದಿನ ಕಣ್ಣಿಗೆ ಬೀಳ್ತಿರಲಿಲ್ವಾ?”

ಸಮಿತಿಯ ಸಾಕ್ಷಿ ಅರವತ್ತು ವರ್ಷ ಹಳೆಯ ಒಂದು ಫೋಟೊ. ಅದರ ಕೆಳಗೆ ‘ಮನೆ ನಂಬರ್ ಹದಿನಾಲ್ಕು’ ಎಂದಿದೆ. ಟೈಲರಮ್ಮನ ಬಾಗಿಲ ಮೇಲೂ ಹದಿನಾಲ್ಕು. ಮುಗಿಯಿತು, ಅಪರಾಧಿ ಸಿಕ್ಕಿಬಿದ್ದಳು. ಫೋಟೊದ ಮನೆಗೆ ಬೀದಿಯಿಂದ ಮೂರು ಮೆಟ್ಟಿಲು ಹತ್ತಬೇಕು. ಈ ಮನೆಯ ಹೊಸ್ತಿಲು ಬೀದಿಗೆ ಸಮ. ಒಂಬತ್ತು ಜೊತೆ ಕಣ್ಣುಗಳಿಗೆ ಕಾಣದ್ದು ಟೇಪಕ್ಕನಿಗೆ ಕಂಡಿತು. ಹಿಂದಿನ ದಿನವೇ ನೀರಿನ ಕಚೇರಿಗೆ ಹೋಗಿ, ಮನೆ ನಂಬರಿನ ಪ್ರಕಾರ ನಲ್ಲಿ ಸಂಪರ್ಕ ಬರೆದಿಟ್ಟ ಹಳೆಯ ರಿಜಿಸ್ಟರ್ ತೆಗೆಸಿದರು. ಮೂವತ್ತಾರು ವರ್ಷದ ಹಿಂದೆ ಬೀದಿಯ ನಂಬರುಗಳೇ ಬದಲಾಗಿವೆ. ಮೊದಲು ಸೇತುವೆ ಕಡೆಯಿಂದ ಎಣಿಸುತ್ತಿದ್ದರು, ಈಗ ಮಾರುಕಟ್ಟೆ ಕಡೆಯಿಂದ. ಹಳೆಯ ಹದಿನಾಲ್ಕು ಎಂದರೆ ಮೂಲೆಯ ಲಾಡ್ಜು. ಹೋದ ವರ್ಷ ‘ಬರೀ ಬಣ್ಣ ಬಳಿಯುತ್ತೇವೆ’ ಎಂದು ಅನುಮತಿ ಪಡೆದು, ಆರು ತಿಂಗಳು ಹಸಿರು ಪರದೆ ಕಟ್ಟಿಕೊಂಡಿದ್ದ ಲಾಡ್ಜು.

ಈ ಬೆಳಿಗ್ಗೆ ಟೈಲರಮ್ಮನ ಗೋಡೆ ಉದ್ದಕ್ಕೂ ಗಟ್ಟಿ ದನಿ ಕೊಟ್ಟಿತು. ಟೇಪಕ್ಕ ಏಣಿ ಹೊತ್ತು ಮೂಲೆಗೆ ನಡೆದರು. ಲಾಡ್ಜಿನ ಕಾವಲುಗಾರ ಕಣ್ಣುಜ್ಜಿಕೊಳ್ಳುತ್ತ ಬಂದ.

“ಏನಮ್ಮಾ, ನಮ್ಮ ಲಾಡ್ಜಿಗೆ ಜ್ವರ ಬಂದಿದ್ಯಾ?”

“ಹಲ್ಲು ಕಿತ್ತಿದ್ದಾರಪ್ಪ. ಎಷ್ಟು ಅಂತ ಎಣಿಸ್ತಿದ್ದೀನಿ.”

ಐದು. ಬಾಲ್ಕನಿ ಇರಬೇಕಾದ ಎತ್ತರದಲ್ಲೇ, ಸಮ ಅಂತರದಲ್ಲಿ, ಐದು ತೊಲೆ ಕಿತ್ತ ಟೊಳ್ಳು.

ಮಧ್ಯಾಹ್ನ ಹಾಳೆ ನೋಡಿದ ಎಂಜಿನಿಯರರ ಮುಖ ಸಪ್ಪಗಾಯಿತು. ಟೈಲರ್ ಗೋಡೆ ಗಟ್ಟಿ ಅಂತಷ್ಟೇ ಬರಿ, ಲಾಡ್ಜಿನ ಸಾಲು ತೆಗಿ ಎಂದರು. “ಅದೊಂದೇ ಬರೆದ್ರೆ, ಚೆನ್ನಾಗಿ ಮುಚ್ಚಿದ್ದಾಳೆ ಕಳ್ಳಿ ಅಂತೀರಿ ಸಾರ್,” ಎಂದರು ಟೇಪಕ್ಕ. ಎಂಜಿನಿಯರ್ ಸಹಿ ಹಾಕಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಟೇಪಕ್ಕ ತಮ್ಮ ಸಹಿಯನ್ನೇ ಹಾಕಿ ಹಾಳೆಯನ್ನು ಕಡತಕ್ಕೆ ಸೇರಿಸಿದರು.

ಗುರುವಾರದ ಸಭೆಯಲ್ಲಿ ಅಧ್ಯಕ್ಷರು ಕನ್ನಡಕ ಕೆಳಗಿಳಿಸಿ ಕೇಳಿದರು: “ನಿಮ್ಮನ್ನ ಕಳಿಸಿದ್ದು ಹದಿನಾಲ್ಕನೇ ನಂಬರ್ ಅಳೆಯೋಕೆ. ಲಾಡ್ಜಿನ ಗೋಡೆ ತಟ್ಟು ಅಂತ ಯಾರಮ್ಮ ಹೇಳಿದ್ರು?”

“ಹದಿನಾಲ್ಕನ್ನೇ ಅಳೆದಿದ್ದೀನಿ ಸಾರ್. ಹಳೇದೂ ಅಳೆದೆ, ಹೊಸದೂ ಅಳೆದೆ.”

ಯಾರೋ ಕೆಮ್ಮಿದರು. ರಿಜಿಸ್ಟರಿನ ನಕಲು ಮೇಜಿನ ಮೇಲೆ ಕೈಯಿಂದ ಕೈಗೆ ಹೋಯಿತು. ಗೋಡೆಯ ಗಾಜಿನ ಚೌಕಟ್ಟುಗಳಲ್ಲಿ ಹಳೆಪೇಟೆಯ ಚೆಂದದ ಚಿತ್ರಗಳು. ಆ ಮನೆಗಳಲ್ಲಿ ವಾಸವಿರುವ ಒಬ್ಬರೂ ಆ ಮೇಜಿನ ಸುತ್ತ ಇಲ್ಲ. ಪರಂಪರೆ ಎಂಬ ದೊಡ್ಡ ಮಾತು ಇವರ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ಅದನ್ನು ಕಾಯುವ ಭಾರವನ್ನೆಲ್ಲ ಸೋರುವ ಸೂರಿನ ಕೆಳಗಿನವರ ತಲೆಗೆ ಕಟ್ಟಿದ್ದಾರೆ. ಬಡವರ ಕಿಟಕಿಗೆ ಭೂತಗನ್ನಡಿ ಹಿಡಿಯುವ ಸಮಿತಿಗೆ, ಉಳ್ಳವರು ಆರು ತಿಂಗಳು ಪರದೆ ಕಟ್ಟಿದರೂ ಅದರ ಹಿಂದೆ ಇಣುಕುವ ಕುತೂಹಲವಿಲ್ಲ. ಎಪ್ಪತ್ತು ವರ್ಷ ದಾಟಿದ ಕೆತ್ತನೆ ಗರಗಸಕ್ಕೆ ಸಿಕ್ಕಾಗ ಇವರು ಯಾವ ಕಡತ ಓದುತ್ತಿದ್ದರು? ಇದನ್ನು ಕಣ್ತಪ್ಪು ಎನ್ನಬೇಕಂತೆ. ಈ ಕಣ್ಣು ಯಾವಾಗಲೂ ಒಂದೇ ಕಡೆಗೆ ತಪ್ಪುತ್ತದೆ.

ಟೈಲರಮ್ಮನ ನೋಟಿಸು ರದ್ದಾಗಿದೆ, ‘ತಾಂತ್ರಿಕ ಕಾರಣದಿಂದ’. ಕ್ಷಮೆಯ ಒಂದು ಸಾಲೂ ಇಲ್ಲ. ಕಿಟಕಿಯ ಅರ್ಜಿ ಇನ್ನೂ ಬಾಕಿ. ಮಷೀನುಗಳು ಪ್ಲಾಸ್ಟಿಕ್ ಹೊದ್ದು ಕೂತಿವೆ. ಲಾಡ್ಜಿನ ಕಡತ ‘ಪರಿಶೀಲನೆಯಲ್ಲಿದೆ’, ಲಾಡ್ಜಿನ ಕೋಣೆಗಳು ಭರ್ತಿಯಾಗಿವೆ. ಆರು ತಿಂಗಳಿಗೊಮ್ಮೆ ನವೀಕರಣವಾಗುತ್ತಿದ್ದ ಟೇಪಕ್ಕನ ಗುತ್ತಿಗೆ ಈ ಸಲ ಮೂರೇ ತಿಂಗಳಿಗೆ ಬಂದಿದೆ. ಜೊತೆಗೊಂದು ಸುತ್ತೋಲೆ: ಸೂಚಿಸಿದ ಕಟ್ಟಡ ಬಿಟ್ಟು ಬೇರೆ ಯಾವುದನ್ನೂ ಮುಟ್ಟತಕ್ಕದ್ದಲ್ಲ.

ಟೈಲರಮ್ಮ ಒಂದು ರವಿಕೆ ಹೊಲಿದು ತಂದರು. ಟೇಪಕ್ಕ ತೊಟ್ಟು ನೋಡಿ, “ತೋಳು ಅರ್ಧ ಇಂಚು ಬಿಗಿ” ಎಂದರು. “ಅಳತೆ ವಿಷಯದಲ್ಲಿ ನಿಮ್ಮ ಹತ್ರ ದಾಕ್ಷಿಣ್ಯ ಅನ್ನೋದೇ ಇಲ್ಲ ಬಿಡಿ,” ಎಂದು ಆಕೆ ಅಲ್ಲೇ ಕೂತು ಹೊಲಿಗೆ ಬಿಚ್ಚಿದರು.

ಏನಾದರೆ ನಿಮಗೆ ಸಮಾಧಾನ ಎಂದು ಕೇಳಿದರೆ ಟೇಪಕ್ಕ ಸೌಟಿನ ಹಿಡಿಗೆ ಮೆತ್ತಿದ ಗಾರೆಯ ಪುಡಿ ಒರೆಸುತ್ತಾರೆ.

“ಒಂದು ಗುರುವಾರ ಆ ಒಂಬತ್ತು ಜನ ಕುರ್ಚಿ ಬಿಟ್ಟು ಬೀದಿಗೆ ಬರ್ಲಿ. ಯಾರ ಮನೆ ವಿಷಯ ಬರೀತಾರೋ ಆ ಮನೆಯೊಳಗೆ ಹೋಗಿ, ಹೇಗಿದ್ದೀರಿ ಇಲ್ಲಿ ಅಂತ ಒಂದು ಮಾತು ಕೇಳ್ಲಿ. ಅಷ್ಟಾದ್ರೆ ನನ್ನ ಕೆಲಸ ಹೋದ್ರೂ ಬೇಜಾರಿಲ್ಲ.”

ಆಮೇಲೆ ತಲೆ ಅಲ್ಲಾಡಿಸುತ್ತಾರೆ.

“ಇಲ್ಲ, ಬೇಜಾರಾಗುತ್ತೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತೆ.”