ಕಿರೀಟದ ತುದಿ

ನನ್ನದು ಅನುಮಾನದ ಸ್ವಭಾವ. ಯಾರಾದರೂ ಸುಮ್ಮನೆ ನಕ್ಕರೂ ಯಾಕೆ ನಕ್ಕರು ಎಂದು ಒಂದು ದಿನವೆಲ್ಲ ತಲೆ ಕೆಡಿಸಿಕೊಳ್ಳುತ್ತೇನೆ. ಇದು ಅಪ್ಪನಿಂದ ಬಂದದ್ದು. ಅಪ್ಪನಿಗೆ ಚಾಂಪಿಯನ್ ರೀಫ್ಸ್‌ನ ಗಣಿ ಗೇಟಿನಲ್ಲಿ ಕೆಲಸ. ಪಾಳಿ ಮುಗಿಸಿ ಮೇಲೆ ಬಂದವರ ಸೊಂಟ, ಊಟದ ಡಬ್ಬಿ, ತಲೆಗೂದಲು ತಡವಿ, ಚಿನ್ನದ ಚೂರೇನಾದರೂ ಹೊರಗೆ ಹೋಗುತ್ತಿದೆಯೇ ಎಂದು ನೋಡಬೇಕು. ವರ್ಷಗಟ್ಟಲೆ ಹಾಗೆ ನೋಡಿದ ಕಣ್ಣು ಮನೆಗೆ ಬಂದ ಮೇಲೂ ನಮ್ಮನ್ನು ಹಾಗೇ ನೋಡುತ್ತಿತ್ತು. ಅನುಮಾನಂ ಪೆನುಭೂತಂ, ಅನುಮಾನವೇ ದೊಡ್ಡ ಭೂತ ಎಂದು ನಮ್ಮ ಕಡೆ ತೆಲುಗಿನಲ್ಲಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಆ ಭೂತಕ್ಕೆ ಒಂದು ತಟ್ಟೆ ಹೆಚ್ಚಿಗೆ ಹಾಕುತ್ತಿದ್ದೆವು ಎನ್ನಬಹುದು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಬಂಗಾರಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಆಪರೇಟರ್ ಆಗಿದ್ದೆ. ಬೆಳಿಗ್ಗೆ ರೈಲಿನಲ್ಲಿ ಹೋಗುವುದು, ಸಂಜೆ ರೈಲಿನಲ್ಲಿ ಬರುವುದು. ಲಗ್ನಪತ್ರಿಕೆ ಟೈಪ್ ಮಾಡಿ ಕೊಟ್ಟರೆ ಹಿಂದಿನ ಕೋಣೆಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಆಗುತ್ತಿತ್ತು. ಒಂದು ಸಲ ಮಾಲೀಕರು ಬೆಂಗಳೂರಿನಿಂದ ಒಂದು ಫ್ಲಾಪಿ ತಂದರು. ಅದರಲ್ಲಿದ್ದದ್ದು ಅಕ್ಷರಗಳೇ ಇಲ್ಲದ ಫಾಂಟು. ಯಾವ ಕೀ ಒತ್ತಿದರೂ ತಲೆಗೆ ಇಡುವ ಒಂದು ಆಭರಣ ಬರುತ್ತಿತ್ತು. ರಾಜರ ಕಿರೀಟ, ರಾಣಿಯರ ಕಿರೀಟ, ಯಾವ ದೇಶದವರೋ ಗೊತ್ತಿಲ್ಲದ ಸರದಾರರ ಟೋಪಿ, ಗರಿ ಸಿಕ್ಕಿಸಿದ ಪೇಟ ಕೂಡ ಒಂದಿತ್ತು. ನಾನು ಮೂರು ದಿನ ಊಟದ ಹೊತ್ತಿನಲ್ಲಿ ಕೀಗಳನ್ನು ಒಂದೊಂದಾಗಿ ಒತ್ತಿ ನೋಡಿದ್ದೆ.

ಆ ವರ್ಷವೇ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಅದಕ್ಕೆ ಮೊದಲು ಮೂರು ಸಂಬಂಧ ಬಂದು ತಪ್ಪಿಹೋಗಿದ್ದವು. ಹುಡುಗ ಬೇತಮಂಗಲದ ಹತ್ತಿರದ ಹಳ್ಳಿಯವನು, ಹೊಲ, ಹಸು, ಒಳ್ಳೆಯ ಮನೆತನ. ತಂಗಿಯ ಪತ್ರಿಕೆ ಬೇರೆಯವರ ಪತ್ರಿಕೆಯಂತೆ ಇರಬಾರದೆಂದು ನನಗೆ ಹುಮ್ಮಸ್ಸು. ಮೇಲೆ ಗಣಪತಿ, ಕೆಳಗೆ ವಧೂವರರ ಹೆಸರು, ಎರಡೂ ಹೆಸರಿನ ಮೇಲೆ ಒಂದೊಂದು ಕಿರೀಟ. ಇದ್ದವುಗಳಲ್ಲೇ ಚೆನ್ನಾಗಿ ಉಬ್ಬಿದ್ದ ಕಿರೀಟವನ್ನು ಆರಿಸಿದೆ. ಮುಹೂರ್ತದ ಗಂಟೆಯನ್ನು ನಾಲ್ಕು ಸಲ ಓದಿ ನೋಡಿದವನು ಕಿರೀಟದ ತುದಿಯನ್ನು ನೋಡಲಿಲ್ಲ.

ಪತ್ರಿಕೆ ಹಂಚಿದ ಒಂದು ವಾರಕ್ಕೆ ಹುಡುಗನ ಸೋದರಮಾವ ನೇರವಾಗಿ ಅಂಗಡಿಗೇ ಬಂದರು. ಅವರದು ಊರ ಹಾಲಿನ ಡೈರಿಯಲ್ಲಿ ಕೆಲಸ. ಬೆಳಗಾದರೆ ಊರವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ ನೀರು ಬೆರೆಸಿದ್ದಾರೆಯೇ ಎಂದು ನೋಡುವವರು. ಮನೆಗೆ ಹೋಗದೆ ಅಂಗಡಿಗೆ ಬಂದದ್ದು ನೋಡಿಯೇ ನಾನು ಕೀಬೋರ್ಡಿನಿಂದ ಕೈ ತೆಗೆದು ಎದ್ದು ನಿಂತೆ. ಅವರು ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಕಿರುಬೆರಳಿನ ಉಗುರಿನಿಂದ ತೋರಿಸಿದರು.

“ಕಿರೀಟದ ಮ್ಯಾಲೆ ಏನೈತೆ ನೋಡಪ್ಪ.”

ನೋಡಿದೆ. ಪುಟ್ಟದೊಂದು ಶಿಲುಬೆ ಇತ್ತು. ಎರಡು ಕಿರೀಟದ ಮೇಲೂ ಇತ್ತು.

“ಊರಾಗೆಲ್ಲಾ ಮಾತು ಬಿದ್ದೈತೆ. ಎಣ್ಣಿನ್ ಕಡೆಯೋರು ಚರ್ಚಿಗೆ ಸೇರವ್ರೆ, ಮದ್ವೆ ಆದ್ಮ್ಯಾಕೆ ಏಳ್ತಾರೆ ಅಂತ. ನಿಜಾನಾ?”

“ಇಲ್ಲ ಮಾವ, ಇದು ಕಂಪ್ಯೂಟರ್‌ನಲ್ಲಿ ಬರೋ ಚಿತ್ರ. ಬೇರೆ ದೇಶದ ರಾಜರ ಕಿರೀಟ.”

“ಕಂಪ್ಯೂಟರ್ ತಾನಾಗೇ ಒತ್ಕೊಂತಾ? ಒತ್ತಿದ್ದು ನೀನೇ ತಾನೇ.”

ನಾನು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದ್ದ ಕೀಗಳನ್ನೆಲ್ಲ ಒತ್ತಿ, ಇಡೀ ಫಾಂಟನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಕೊಟ್ಟೆ. ಎಷ್ಟೋ ಕಿರೀಟಗಳ ಮೇಲೆ ಶಿಲುಬೆ ಇದೆ, ಅದು ಅವರ ಪದ್ಧತಿ, ನನ್ನ ಮನೆಯದಲ್ಲ ಎಂದು ತೋರಿಸಿದೆ. ಬದುಕಿದೆ ಅಂದುಕೊಂಡೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು, ಹಾಲು ನೋಡುವಂತೆ ನಿಧಾನವಾಗಿ ನೋಡಿದರು.

“ಶಿಲುಬೆ ಇಲ್ದೇ ಇರೋವು ಇಷ್ಟೊಂದ್ ಐತಲ್ಲಪ್ಪ. ಪೇಟಾನೂ ಐತೆ. ಇದ್ನೇ ಯಾಕ್ ಆರಿಸ್ದೆ?”

“ಚೆನ್ನಾಗಿತ್ತು ಅಂತ” ಎಂದೆ. ನನಗೇ ಅದು ಸುಳ್ಳಿನಂತೆ ಕೇಳಿಸಿತು. ಅವರು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, “ನಡಿ, ನಿಮ್ಮಮ್ಮನ್ನ ಕೇಳೋಣ” ಎಂದರು.

ರೈಲಿನಲ್ಲಿ ಅವರು ನನ್ನ ಎದುರಿಗೇ ಕೂತರು. ನಾವಿಳಿಯುವ ಕೋರಮಂಡಲ್ ಸ್ಟೇಷನ್ ಬರುವವರೆಗೂ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು. ಏಕೆಂದರೆ ಮನೆಯಲ್ಲಿ ಏನೂ ಇಲ್ಲ ಎನ್ನುವ ಹಾಗಿರಲಿಲ್ಲ. ಕೆಲವು ತಿಂಗಳ ಹಿಂದೆ ಅಮ್ಮನ ಸೀರೆಯ ಅಂಚಿನಲ್ಲಿ ಮೇಣದ ಹನಿಗಳನ್ನು ಕಂಡಿದ್ದೆ. ಶನಿವಾರ ಸಂಜೆ ಸೊಪ್ಪು ತರುತ್ತೇನೆಂದು ಹೋದವಳು ಸೊಪ್ಪಿಲ್ಲದೆ ಬರುತ್ತಿದ್ದಳು. ನಾನು ಸುಮ್ಮನಿರುವ ಜಾತಿಯವನೇ? ಒಂದು ಶನಿವಾರ ಹಿಂದೆಯೇ ಹೋದೆ. ತಮಿಳಿನವರು ಮಾತಾ ಕೋವಿಲ್ ಅನ್ನುವ ಮೇರಿ ಮಾತೆಯ ಚರ್ಚಿನ ಮುಂದೆ ಅಮ್ಮ ತಿರುಗಿ ನಿಂತಳು.

“ಇಂದೆ ಇಂದೆ ಯಾಕ್ ಬತ್ತೀಯಾ, ಪಕ್ಕದಾಗೇ ಬಾರೋ” ಎಂದಳು. “ನಿನ್ ತಂಗಿಗೆ ಮೂರು ಸಂಬಂಧ ತಪ್ಪೋಯ್ತು. ಎಲ್ಲಾ ದ್ಯಾವ್ರನ್ನೂ ಕೇಳ್ದೆ, ಈ ತಾಯ್ನೂ ಕೇಳ್ಕೊಂಡಿದೀನಿ. ಮದ್ವೆ ಆದ್ರೆ ಅವಳ ಎತ್ತರದ ಮೇಣದ ಬತ್ತಿ ಅಚ್ತೀನಿ ಅಂತ. ನಿಮ್ಮಪ್ಪಂಗೆ ಏಳ್ಬೇಡ.”

ಗಣಿ ಊರಿನಲ್ಲಿ ಎಷ್ಟೋ ಹಿಂದೂ ಹೆಂಗಸರು ಹೀಗೆ ಹರಕೆ ಹೊರುತ್ತಿದ್ದರು, ಮತ ಬದಲಾಯಿಸುವ ಯೋಚನೆ ಯಾರಿಗೂ ಇರಲಿಲ್ಲ. ಆದರೆ ಅದನ್ನು ಎದುರಿಗೆ ಕೂತ ಈ ಹಾಲಿನ ಡೈರಿಯವರಿಗೆ ಹೇಳುವವರು ಯಾರು?

ಮನೆಯಲ್ಲಿ ಅಪ್ಪನೂ ಇದ್ದ. ಸೋದರಮಾವ ನೀರು ಕೂಡ ಮುಟ್ಟಲಿಲ್ಲ. ಪತ್ರಿಕೆ ತೋರಿಸಿದರು, ಹಾಳೆಯನ್ನೂ ಬಿಚ್ಚಿಟ್ಟರು. ತಂಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು.

“ಅಕ್ಕಾ, ಬ್ಯಾಸ್ರ ಮಾಡ್ಕೊಬ್ಯಾಡಿ. ನಮ್ಮೋರ್ ಬಾಯಿ ಮುಚ್ಚಿಸ್ಬೇಕು. ಚರ್ಚಿಗೆ ಓಗ್ತೀರಾ ಇಲ್ವಾ, ದೀಪ ಮುಟ್ಟಿ ಏಳ್ಬುಡಿ.”

ಅಮ್ಮ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ದೇವರ ಮುಂದಿನ ದೀಪ ಮುಟ್ಟಿ, “ಆ ಕಡೆ ಕಾಲೇ ಇಕ್ಕಿಲ್ಲಪ್ಪ” ಎಂದಳು. ಅಪ್ಪ ನೆಲ ನೋಡುತ್ತ ಕೂತಿದ್ದ. ನಡಿಗೆ ನೋಡಿಯೇ ಮನುಷ್ಯನನ್ನು ಹಿಡಿಯುತ್ತಿದ್ದವನಿಗೆ ಇದು ತಿಳಿಯಲಿಲ್ಲ ಎಂದು ನಾನು ಇವತ್ತಿಗೂ ನಂಬುವುದಿಲ್ಲ. ಅವನು ನೀರಿನ ಲೋಟವನ್ನು ಬಂದವರ ಕಡೆ ಸರಿಸಿದ. ಸೋದರಮಾವ ನೀರು ಕುಡಿದು, “ಒಸಾ ಪತ್ರಿಕೆ ಒಡ್ಸು, ಪೇಟ ಆಕು” ಎಂದು ನನಗೆ ಹೇಳಿ ಹೊರಟರು.

ಪೇಟ ಹಾಕಿ ಹೊಸ ಪತ್ರಿಕೆ ಮಾಡಿದೆ. ಮದುವೆ ಚೆನ್ನಾಗಿಯೇ ಆಯಿತು. ತಂಗಿ ಗಂಡನ ಮನೆಗೆ ಹೋದ ಮೂರನೇ ವಾರ ಅಮ್ಮ ಸುತ್ತಿಟ್ಟ ಬಿಳಿ ದಾರವೊಂದನ್ನು ನನ್ನ ಕೈಗಿಟ್ಟಳು. ಅರಿಶಿನ ಹಚ್ಚಿದ ದಿನ ತಂಗಿಯನ್ನು ಗೋಡೆಗೆ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದುಕೊಂಡಿದ್ದಳಂತೆ.

“ದೀಪ ಮುಟ್ಟಿ ಇಲ್ಲ ಅಂದ್ಬುಟ್ಟೆ. ಇನ್ ಯಾವ್ ಮೊಕ ಇಟ್ಕೊಂಡು ಆ ತಾಯಿ ಮುಂದೆ ನಿಂತ್ಕೊಳ್ಲಿ? ನೀನು ಓಗಿ ಬತ್ತಿ ಅಚ್ಚಿ ಬಾರಪ್ಪ. ಅವಳ ಎಸ್ರು ಏಳು, ನಂದು ಏಳ್ಬೇಡ.”

ಹೋದೆ. ಚರ್ಚಿನ ಬೀದಿಯಲ್ಲಿ ಮೇಣದ ಬತ್ತಿ ಮಾಡಿ ಕೊಡುವ ಅಂಗಡಿಯವರು ದಾರವನ್ನು ಹಲಗೆಯ ಮೇಲೆ ಉದ್ದಕ್ಕೆ ಹಾಸಿ ನೋಡಿದರು. ಅಷ್ಟರಲ್ಲಿ ಬೇತಮಂಗಲದ ಬಸ್ಸು ಎದುರಿಗೆ ಬಂದು ನಿಂತಿತು. ಕಿಟಕಿಗಳಲ್ಲಿ ಮುಖಗಳು. ಒಂದೂ ಗುರುತಿನದಲ್ಲ, ಆದರೂ ಎಲ್ಲವೂ ನನ್ನನ್ನೇ ನೋಡುತ್ತಿವೆ ಅನ್ನಿಸಿತು. ಐದಡಿಯ ಬತ್ತಿಯನ್ನು ಹೆಗಲ ಮೇಲಿಟ್ಟುಕೊಂಡು ಈ ಬೀದಿ ದಾಟುವುದು ಹೇಗೆ? ಯಾರೋ ಒಬ್ಬರು ನೋಡಿದರೂ ತಂಗಿಯ ಗತಿ ಏನು? ನಾಳೆ ಬರುತ್ತೇನೆ ಎಂದು ದಾರ ವಾಪಸು ತೆಗೆದುಕೊಂಡು ಕೋರಮಂಡಲ್ ಸ್ಟೇಷನ್ನಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತೆ. ಆ ನಾಳೆ ಬರಲಿಲ್ಲ.

ಮನೆಗೆ ಹೋದಾಗ ಅಮ್ಮ ಅಕ್ಕಿ ಆರಿಸುತ್ತಿದ್ದಳು.

“ಪೂರ್ತಿ ಉರೀತೇನೋ?”

“ಪೂರ್ತಿ ಉರೀತಮ್ಮ.”

ಅಮ್ಮ ಮೊರ ಪಕ್ಕಕ್ಕಿಟ್ಟು, ಚರ್ಚಿನ ದಿಕ್ಕಿಗೆ ತಿರುಗಿ, ಕಣ್ಣು ಮುಚ್ಚಿ ಕೈ ಮುಗಿದಳು. ದಾರ ನನ್ನ ಜೇಬಿನಲ್ಲೇ ಇತ್ತು.