ಕೆಟ್ಟ ಇಂಜಿನ್ ಕೇಳಿಕೊಂಡು ಬಂದವರು

ಮಾಡೆಲ್ ಹಳೆಯದು, ಅರವತ್ತರ ಆಸುಪಾಸು. ಬಾಡಿ ಗಟ್ಟಿ. ಎಡಗಾಲು ಸ್ವಲ್ಪ ಎಳೆಯುತ್ತದೆ, ಕ್ಲಚ್ ತುಳಿದು ತುಳಿದು ಸವೆದದ್ದು. ಮುಂದಿನ ಎರಡು ಹಲ್ಲು ಒರಿಜಿನಲ್ ಅಲ್ಲ. ಅಂಗಿಗೆ ಇಸ್ತ್ರಿ ಇದೆ, ಸವೆದ ಕಾಲರನ್ನು ಮಗುಚಿ ಹೊಲಿದಿದೆ. ಅಂದರೆ ಮನೆಯಲ್ಲಿ ಕೈ ಹಿಡಿತದ ಹೆಂಡತಿ ಇದ್ದಾಳೆ. ಹಳೇ ಕಾರು ಮಾರುವ ನಾನು, ಅವರು ಗೇಟಿನಿಂದ ಒಳಗೆ ನಡೆದು ಬರುವಷ್ಟರಲ್ಲಿ ಇಷ್ಟನ್ನು ಅಳೆದು ಮುಗಿಸಿದ್ದೆ. ತಪ್ಪಿದ್ದು ಒಂದೇ. ನಾಲ್ಕು ಬಾಗಿಲಿನ ಸಾಧು ಗಾಡಿ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೋಗಿ ನಿಂತದ್ದು ಮೂಲೆಯ ಸ್ಪೋರ್ಟ್ಸ್ ಕಾರಿನ ಮುಂದೆ.

ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಗಾಡಿ. ಕೆಂಪು ಬಣ್ಣ ಬಿಸಿಲಿಗೆ ಬಾಡಿ ಇಟ್ಟಿಗೆಯಂತಾಗಿತ್ತು. ಹುಡುಗರು ಬಂದು ಒಳಗೆ ಕೂತು ಫೋಟೋ ತೆಗೆಸಿಕೊಂಡು, ಬೆಲೆಯನ್ನೂ ಕೇಳದೆ ಹೋಗುತ್ತಿದ್ದರು. ಗಿರಾಕಿ ಬರುವ ಮೊದಲೇ ಇಂಜಿನ್ ಓಡಿಸಿ ಬಿಸಿ ಮಾಡಿಡುವುದು ನಮ್ಮ ಕಸುಬಿನ ರೀತಿ. ತಣ್ಣಗಿರುವ ಇಂಜಿನ್ ಮೊದಲ ಕೆಮ್ಮಿನಲ್ಲೇ ಮನೆಯ ಗುಟ್ಟೆಲ್ಲ ಹೇಳಿಬಿಡುತ್ತದೆ. ಇವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಬಿಸಿ ಮಾಡಿಟ್ಟಿದೀರಿ," ಅಂದರು. "ನಾನು ಆಸ್ಪತ್ರೆಯ ಹೆಣದ ಗಾಡಿ ಓಡಿಸೋನು, ಸಾಹುಕಾರ್ರೆ. ಬಿಸಿ, ತಣ್ಣಗೆ ನನಗೆ ಬೇಗ ಗೊತ್ತಾಗುತ್ತೆ."

ನಾನು ನಕ್ಕೆ. ಅವರು ನಗಲಿಲ್ಲ. ಸಿಕ್ಕಿಬಿದ್ದಮೇಲೆ ಒಂದು ರೋಗವನ್ನಾದರೂ ಒಪ್ಪಿಕೊಳ್ಳುವುದು ಮರ್ಯಾದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದೆ. ಅಷ್ಟೇನಾ ಅಂದರು. ನೀರು ಆಯಿಲ್‌ಗೆ ಬೆರೆತು ಹಾಲು ಹಾಕಿದ ಚಹಾದಂತಾಗಿದೆ ಅಂದೆ. ಮತ್ತೆ? ಒಳಗೆ ಕಟಕಟ ಸದ್ದಿದೆ, ಪೂರ್ತಿ ಬಿಚ್ಚಬೇಕಾಗುತ್ತದೆ, ತಿಂಗಳುಗಟ್ಟಲೆ ಕೆಲಸ. ಒಂದೊಂದು ದೋಷ ಹೇಳಿದಾಗಲೂ ಬೆಲೆ ಇಳಿಸುವವರನ್ನು ಕಂಡಿದ್ದೇನೆ. ಮುಖ ಅರಳಿಸಿದವರು ಇವರೊಬ್ಬರೇ.

"ಹಾಗಾದ್ರೆ ಇದೇ ಇರಲಿ," ಅಂದರು.

ಗಾಡಿಯನ್ನು ಎಳೆಸಿಕೊಂಡು ಅವರ ಮನೆಗೆ ಹೋಗುವ ದಾರಿಯಲ್ಲಿ ಕಾರಣ ತಿಳಿಯಿತು. ಇವರ ಒಬ್ಬನೇ ಮಗ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದ. ಅವನು ಚಕ್ರ ಬಿಚ್ಚಿ ಮತ್ತೆ ಜೋಡಿಸಿದ್ದ ಕಾರನ್ನು ಜೊತೆಯವನೊಬ್ಬ ಪರೀಕ್ಷೆಗೆಂದು ಓಡಿಸಿಕೊಂಡು ಹೋದ. ಇಳಿಜಾರಿನಲ್ಲಿ ಮುಂದಿನ ಚಕ್ರ ಕಳಚಿತು. ಜೊತೆಯವನು ಉಳಿಯಲಿಲ್ಲ. ನಟ್ಟು ಬಿಗಿದಿದ್ದೆಯಾ ಎಂದು ಎಲ್ಲರೂ ಕೇಳಿದರು. ಬಿಗಿದದ್ದು ನೆನಪಿಲ್ಲ, ಬಿಟ್ಟದ್ದೂ ನೆನಪಿಲ್ಲ ಅಂದ. ಆ ಹೆಣವನ್ನು ಅದರ ಮನೆಗೆ ಮುಟ್ಟಿಸುವ ಪಾಳಿ ಅಪ್ಪನ ಗಾಡಿಗೇ ಬಂತು. ಅವತ್ತು ಕೋಣೆ ಸೇರಿದ ಮಗ ಹೊರಗೆ ಬಂದಿರಲಿಲ್ಲ. ಬಾಗಿಲ ಬಳಿ ಇಟ್ಟ ತಟ್ಟೆ ಖಾಲಿಯಾಗಿ ಹೊರಗೆ ಬರುತ್ತಿತ್ತು. ಮನೆಯವರ ಜೊತೆ ಅವನ ಮಾತುಕತೆ ಅಷ್ಟೇ.

ಕಾರನ್ನು ಆ ಕೋಣೆಯ ಕಿಟಕಿಯ ಕೆಳಗೇ ನಿಲ್ಲಿಸಿದರು. ಮಗನನ್ನು ಕರೆಯಲಿಲ್ಲ. ಪ್ರತಿದಿನ ಕೆಲಸದಿಂದ ಬಂದವರು ಬಾನೆಟ್ ಎತ್ತಿ, ಬೇಕೆಂದೇ ಅಳತೆ ತಪ್ಪಿದ ಸ್ಪ್ಯಾನರ್ ಹಿಡಿದು ಬೋಲ್ಟುಗಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ಸುಲಿದುಹೋಗುತ್ತಿತ್ತು. ಕಸುಬು ಬಲ್ಲವನಿಗೆ ಆ ಸದ್ದು ಹಲ್ಲು ಕೀಳುವಂಥದ್ದು. ಎಷ್ಟೋ ದಿನ ಕಿಟಕಿ ತೆರೆಯಲಿಲ್ಲ. ಕೊನೆಗೊಂದು ಸಂಜೆ ತೆರೆಯಿತು.

"ಬೋಲ್ಟಿನ ತಲೆ ತಿಂದುಹಾಕ್ತಿದೀಯಪ್ಪಾ. ಬಿಡು ಅದನ್ನ."

ಮಗ ಹೊರಗೆ ಬಂದ. ನಾನು ಗ್ಯಾಸ್ಕೆಟ್ ಕೊಡಲು ಹೋದಾಗ ಕಂಡೆ. ತೋಳುಗಳು ಕಡ್ಡಿ, ಗಡ್ಡ ಎದೆಯವರೆಗೆ. ಒಂದು ಬೋಲ್ಟ್ ಬಿಗಿದ ಮೇಲೆ ಅದರ ಮೇಲೊಂದು ಬಿಳಿ ಬಣ್ಣದ ಚುಕ್ಕೆ ಇಡುತ್ತಿದ್ದ. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, ಚುಕ್ಕೆ ನೋಡಿ ಮತ್ತೆ ಹೋಗುತ್ತಿದ್ದ. ಅಮ್ಮ ಮಡ್‌ಗಾರ್ಡಿನ ಮೇಲೆ ಇಟ್ಟ ಚಹಾವನ್ನು ಎತ್ತಿ ಕುಡಿಯುತ್ತಿದ್ದ. ನಾನು ಹೊರಟಾಗ ಆಕೆ ಗೇಟಿನವರೆಗೆ ಬಂದಳು.

"ಅಣ್ಣಾ, ಮಿಕ್ಕ ಸಾಮಾನು ನಿಧಾನಕ್ಕೆ ತನ್ನಿ. ಅವಸರ ಏನಿಲ್ಲ."

ಬೇಗ ಕೊಡಿ ಎಂದು ಬೈಸಿಕೊಂಡೇ ಬಾಳಿದ ನನಗೆ ಇಂಥ ಆರ್ಡರು ಹೊಸದು. ಶಕ್ತಿಮೀರಿ ತಡ ಮಾಡಿದೆ. ಆದರೂ ಇಂಜಿನ್ ಒಂದಲ್ಲ ಒಂದು ದಿನ ಕೂಡಿಕೊಳ್ಳಲೇಬೇಕಲ್ಲ. ಅಪ್ಪ ಮತ್ತೆ ನನ್ನ ಹತ್ತಿರ ಬಂದರು, ಈ ಸಲ ಕೂರಲೂ ಇಲ್ಲ.

"ಇನ್ನೊಂದು ನೋಡಿಡಿ ಸಾಹುಕಾರ್ರೆ, ಇದಕ್ಕಿಂತ ಕೆಟ್ಟದ್ದು. ಇದು ಓಡಿದ ದಿನಾನೇ ಅದು ಮನೆ ಮುಂದೆ ನಿಂತಿರ್ಬೇಕು. ಕೈಗೆ ಕೆಲಸ ಇಲ್ದಿದ್ರೆ ಅವನು ಮತ್ತೆ ಒಳಗೆ ಹೋಗ್ತಾನೆ."

"ನನ್ನ ಹತ್ರ ಇರೋದೆಲ್ಲ ಕೆಟ್ಟದ್ದೇ ಅಂತ ಊರೇ ಹೇಳುತ್ತೆ, ಯಜಮಾನ್ರೆ. ಹುಡುಕಿ ಕೊಡ್ತೀನಿ," ಅಂದೆ. ಮಾತು ಕೊಟ್ಟೆ. ಸಿಗಲಿಲ್ಲ. ಸಿಕ್ಕವೆಲ್ಲ ಒಂದೆರಡು ದಿನದಲ್ಲಿ ಸರಿಹೋಗುವಂಥವು.

ಮಗ, ನಾಳೆ ರಸ್ತೆಗೆ ತೆಗೀತೀನಿ ಅಂದನಂತೆ. ನಾನು ಮಾತು ಕೊಟ್ಟ ಗಾಡಿ ಬಂದಿರಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಅಪ್ಪ ರೇಡಿಯೇಟರ್ ಪೈಪಿನ ಕ್ಲಿಪ್ಪನ್ನು ಸಡಿಲ ಮಾಡಿದರು. ಬೆಳಿಗ್ಗೆ ಅಂಗಳದಲ್ಲಿ ನೀರು ಸೋರಿರುತ್ತದೆ, ಮಗ ನೋಡುತ್ತಾನೆ, ಮತ್ತೆ ಬಿಚ್ಚುತ್ತಾನೆ, ಅಷ್ಟರಲ್ಲಿ ಬೇರೆ ಕಾರು ಬಂದೀತು ಎಂಬ ಎಣಿಕೆ. ಮುಟ್ಟಿದರೆ ಬಿಸಿ-ತಣ್ಣಗೆ ಹೇಳಬಲ್ಲವರು ಇಲ್ಲೇ ಮೋಸ ಹೋದರು. ತಣ್ಣಗಿರುವಾಗ ಪೈಪು ಕಚ್ಚಿಕೊಂಡೇ ಇತ್ತು, ಒಂದು ಹನಿಯೂ ಸೋರಲಿಲ್ಲ. ಅಪ್ಪ ಪಾಳಿಗೆ ಹೋಗಿದ್ದರು. ಮಗ ಗಡ್ಡ ತೆಗೆದು, ಗ್ಯಾರೇಜಿನ ಹಳೇ ಅಂಗಿ ತೊಟ್ಟು, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಹಳೇ ಧಣಿಗೆ ಗಾಡಿ ತೋರಿಸಿ ಮತ್ತೆ ಕೆಲಸ ಕೇಳುತ್ತೇನೆ ಅಂದಿದ್ದನಂತೆ.

ಇಂಜಿನ್ ಕಾದ ಮೇಲೆ, ನಾಲ್ಕು ರಸ್ತೆ ಕೂಡುವಲ್ಲಿ, ಪೈಪು ಕಿತ್ತುಕೊಂಡಿತು. ಆವಿ ಎದ್ದು ಗಾಜು ಮುಚ್ಚಿತು. ಇಂಜಿನ್ ಹಿಡಿದುಕೊಂಡು ನಿಂತೇಬಿಟ್ಟಿತು. ಹಿಂದಿನವರು ಹಾರ್ನ್ ಒತ್ತುತ್ತಿದ್ದರು. ಅವನು ಇಳಿದು ಬಾನೆಟ್ ಎತ್ತಿ ಕ್ಲಿಪ್ಪನ್ನು ನೋಡಿದ. ಸಡಿಲವಾಗಿತ್ತು, ಮೇಲೆ ಅವನದೇ ಬಿಳಿ ಚುಕ್ಕೆ.

ಸಂಜೆ ಅಪ್ಪ ಮಗನ ಕೋಣೆಯ ಹೊರಗೆ ನೆಲದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದರು. ಒಳಗಿಂದ ಬಂದದ್ದು ಇಷ್ಟೇ: "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಪ್ಪಾ. ಚುಕ್ಕೆ ಇಟ್ಟು ಬಿಗಿಯದೆ ಬಿಟ್ಟೆ. ಅವತ್ತೂ ಹಾಗೇ ಬಿಟ್ಟಿರ್ತೀನಿ."

ಅವರು ನನ್ನನ್ನು ಕರೆದುಕೊಂಡು ಹೋದರು. ಬಾಗಿಲಿಗೆ ಬಾಯಿಟ್ಟು ನಾನೂ ಹೇಳಿದೆ: ನಿಮ್ಮಪ್ಪನೇ ಸಡಿಲ ಮಾಡಿದ್ದು, ಕೆಟ್ಟ ಕಾರು ಕೊಡಿ ಅಂತ ನನ್ನ ಹತ್ತಿರ ಬಂದಿದ್ದರು, ನಾನು ಕೊಡದೆ ಹೋದೆ, ಅದಕ್ಕೇ. ಒಳಗೆ ಮಂಚ ಕಿರುಗುಟ್ಟಿತು.

"ಬಿಸಿ ಮಾಡಿಟ್ಟು ಮಾರೋರು ನೀವು," ಅಂದ. "ಅಪ್ಪನ ಜೊತೆ ಸೇರ್ಕೊಂಡು ಬಂದಿದೀರಿ."

ನನ್ನ ಅಂಗಡಿಯ ಸುಳ್ಳುಗಳಿಗೆಲ್ಲ ಗಿರಾಕಿ ಸಿಕ್ಕಿದ್ದಾರೆ. ಆ ನಿಜಕ್ಕೆ ಸಿಗಲಿಲ್ಲ.

ಎಳೆಸಿ ತಂದ ಕಾರು ಈಗಲೂ ಆ ಕಿಟಕಿಯ ಕೆಳಗಿದೆ. ಅದನ್ನು ಅವನು ಮುಟ್ಟುವುದಿಲ್ಲ ಎಂದು ಅಪ್ಪನಿಗೆ ಗೊತ್ತು. ಈಗಲೂ ಪಾಳಿ ಮುಗಿಸಿ ನನ್ನ ಗೇಟಿನ ಮುಂದೆ ಗಾಡಿ ನಿಧಾನ ಮಾಡುತ್ತಾರೆ. ನಾನು ಸಿಕ್ಕಿಲ್ಲವೆಂದು ತಲೆಯಾಡಿಸುತ್ತೇನೆ, ಅವರು ಹೋಗುತ್ತಾರೆ.

ಅವರಿಗೆ ನಾನು ಒಂದು ಕಾರು ಕೊಡಬೇಕು. ಓಡದೇ ಇರುವ ಕಾರು.