ತಿಪ್ಪಮ್ಮಜ್ಜಿಯ ಕುಂಕುಮ

ಮೊನ್ನೆ ಬೆಳಿಗ್ಗೆ ನಮ್ಮ ಎದುರುಮನೆಗೆ ಒಬ್ಬ ಬಂದ. ಕೈಯಲ್ಲಿ ಬಿಳಿ ಸೀರೆ. ಗಂಡ ಪಕ್ಕದಲ್ಲೇ ಕೂತಿರುವ ಮುತ್ತೈದೆಗೆ, 'ಇದನ್ನ ಉಟ್ಕೊಂಡು, ಕುಂಕುಮ ಒರೆಸ್ಕೊಂಡು ಬರ್ರಿ' ಅಂದ. ನಾನು ಅವನ ಕೆನ್ನೆಗೆ ಬಾರಿಸಲಿಲ್ಲ. ಅವರ ಮನೆ ದೇವರಿಗೆ ಅಂತ ಕಟ್ಟಿ ತಂದಿದ್ದ ಹೂವು ಕೈಯಲ್ಲಿತ್ತು. ಅವನ ಪುಣ್ಯ.

ಎದುರುಮನೆ ತಿಪ್ಪಮ್ಮಜ್ಜಿ ಅಂದ್ರೆ ಚಳ್ಳಕೆರೆಯ ಹಳಬರಿಗೆಲ್ಲ ಗೊತ್ತು. ಕಪ್ಪು-ಬಿಳುಪು ಕಾಲದ ಸಿನಿಮಾಗಳಲ್ಲಿ ಹೀರೋನ ವಿಧವೆ ತಾಯಿ. ಹೊಲಿಗೆ ಮಿಷನ್ ತುಳಿಯೋದು, ಕೆಮ್ಮೋದು, ಮಗನಿಗೆ ಕೆಲಸ ಸಿಕ್ಕ ದಿನವೇ ಸಾಯೋದು. (ಮೂವತ್ತಕ್ಕೇ, ತನಗಿಂತ ಹಿರಿಯ ಹೀರೋನಿಗೆ ಅವ್ವ ಆಗಿದ್ದರಂತೆ!) ಮನೇಲಿ ಗಂಡ ಓಬಯ್ಯಜ್ಜ ಇವತ್ತಿಗೂ ಗುಂಡುಕಲ್ಲಿನ ಹಂಗೆ ಇದಾರೆ.

ಬಂದವನು ಯಾವುದೋ ಕಲಾ ಸಂಘದ ಕಾರ್ಯದರ್ಶಿ. ಅವತ್ತು ರಾಂಪುರದಲ್ಲಿ ಅಜ್ಜಿಗೆ ಸನ್ಮಾನ. ಅದಕ್ಕೇಂತ ಅಜ್ಜಿ ಆಗಲೇ ಹಸಿರು ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಓಬಯ್ಯಜ್ಜ ತಾವೇ ಮೊಳಕಾಲ್ಮೂರಿಗೆ ಹೋಗಿ, ನೇಕಾರರ ಹತ್ತಿರ ಅರ್ಧ ತೆಲುಗು ಅರ್ಧ ಕನ್ನಡ ಮಾತಾಡಿ, ಆರಿಸಿ ತಂದ ಸೀರೆ. ಹೆಂಡತಿಯನ್ನ ಅದರಲ್ಲಿ ಒಮ್ಮೆ ವೇದಿಕೆ ಮೇಲೆ ನೋಡಬೇಕು ಅನ್ನೋದು ಅವರ ಆಸೆ. ತೆರೆ ಮೇಲೆ ನೋಡಿದ್ದು ಬರೀ ಬಿಳಿ ತಾನೆ?

'ಈ ಸೀರೇಲಿ ಜನಕ್ಕೆ ಗುರುತು ಸಿಗಲ್ಲ ಅಜ್ಜಿ. ಬಂದು ಒಂಚೂರು ಅತ್ತುಬಿಡ್ರಿ, ರೀಲ್ಸ್ ಚೆನ್ನಾಗಿ ಓಡ್ತೈತೆ.'

'ಅಲ್ರಿ, ವಿಲನ್ ಪಾರ್ಟು ಮಾಡ್ದೋರಿಗೆ ಸನ್ಮಾನ ಮಾಡಿದ್ರೆ ಚಾಕು ಹಿಡ್ಕಂಡು ಬರ್ರಿ ಅಂತೀರಾ?' ಅಂದೆ ನಾನು.

'ಅಕ್ಕೋರೇ, ಕಲೆ ವಿಷಯ ನಿಮಗೆ ಗೊತ್ತಾಗಲ್ಲ.'

ಅಜ್ಜಿ ಮಾತ್ರ ತಣ್ಣಗೆ ಹೇಳಿದರು: 'ನೋಡಪ್ಪಾ, ಮೇಕಪ್ಪಿನೋರಿಗೆ ದಿನಾ ಒಂದೇ ಮಾತು ಹೇಳ್ತಿದ್ದೆ. ಕುಂಕುಮ ಒರೆಸಬ್ಯಾಡ, ಮೇಲೆ ಬಣ್ಣ ಮೆತ್ತು ಅಂತ. ಒಳಗೆ ಕುಂಕುಮ ಇಟ್ಕಂಡೇ ಅಷ್ಟು ಸಿನಿಮಾದಾಗೆ ಅತ್ತಿದೀನಿ. ಸಂಜೆ ಬಣ್ಣ ತೆಗೆದ್ರೆ ಕೆಂಪು ಹಂಗೇ ಇರೋದು. ಸನ್ಮಾನ ತಿಪ್ಪಮ್ಮಂಗಾದ್ರೆ ಬರ್ತೀನಿ. ಆ ವಿಧವೆಗಾದ್ರೆ, ಅವಳು ನಮ್ಮನೇಗೆ ಯಾವತ್ತೂ ಬಂದಿಲ್ಲ.'

ಅವನು ಸೀರೆ ಜಗಲಿ ಮೇಲೆ ಬಿಸಾಕಿ ಹೋದ.

ಸಿಟ್ಟು ಅವನೊಬ್ಬನ ಮೇಲೇನಾ? ನಾನು ಮದುವೆಯಾಗಿ ಬಂದ ವರ್ಷ, ಗೌರಿಹಬ್ಬಕ್ಕೆ ಬೀದಿಯ ಮುತ್ತೈದೆಯರಿಗೆಲ್ಲ ಬಾಗಿನ ಕೊಟ್ಟೆ. ತಿಪ್ಪಮ್ಮನವರ ಬಾಗಿಲು ಮಾತ್ರ ದಾಟಿ ಮುಂದೆ ಹೋದೆ. ಹಣೆ ತುಂಬ ಕುಂಕುಮ ಇಟ್ಟುಕೊಂಡು ಆಕೆ ಅಲ್ಲೇ ನಿಂತಿದ್ದರು. ನನ್ನ ಕಣ್ಣಿಗೆ ಕಂಡದ್ದು ಸಿನಿಮಾ. ಗೌರಿ ನನ್ನನ್ನ ಕ್ಷಮಿಸಿರಬಹುದು, ನಾನು ಕ್ಷಮಿಸಿಕೊಂಡಿಲ್ಲ.

ಸಂಜೆ ಸಮಾರಂಭದ ಫೋಟೋ ವಾಟ್ಸಾಪಿಗೆ ಬಂತು. ಅಜ್ಜಿ ಹೋಗಲಿಲ್ಲ ಅಂತ ಅವರ ಬಿಳಿ ಸೀರೆಯ ಹಳೇ ಫೋಟೋವನ್ನ ಕುರ್ಚಿ ಮೇಲಿಟ್ಟು ಹಾರ ಹಾಕಿದ್ದಾರೆ! ಮುಂದೆ ಊದುಬತ್ತಿ ಬೇರೆ. ಬದುಕಿರುವವರಿಗೆ!

ಅಷ್ಟೊತ್ತಿಗೆ ಅಜ್ಜಿ-ಅಜ್ಜ ನಮ್ಮ ಮನೆಯಲ್ಲೇ ಇದ್ದರು. ಅಜ್ಜಿ ಅದೇ ಹಸಿರು ಸೀರೆಯಲ್ಲಿ. ಫೋನ್ ಮಗುಚಿಟ್ಟು ಅರಿಶಿನ-ಕುಂಕುಮ ಕೊಟ್ಟೆ. ಓಬಯ್ಯಜ್ಜ ಕಾಫಿ ಆರಿಹೋದರೂ ಹೆಂಡತಿಯನ್ನೇ ನೋಡುತ್ತಾ ಕೂತಿದ್ದರು. ಅಷ್ಟನ್ನಾದರೂ ದೇವರು ನಡೆಸಿಕೊಟ್ಟ.

ಆ ಬಿಳಿ ಸೀರೆ ಇನ್ನೂ ಜಗಲಿ ಮೇಲೇ ಬಿದ್ದಿದೆ. ಕಾರ್ಯದರ್ಶಿಗಳೇ, ನಿಮ್ಮಪ್ಪ ಎದುರಿಗೆ ಕೂತಿರುವಾಗ ಅದನ್ನ ನಿಮ್ಮವ್ವನ ಕೈಗೆ ಕೊಡ್ತೀರಾ?